20 ಬಂದೂಕಿನ ಬೆಲೆ ಎಷ್ಟು?

ಕಳೆದ ತಿಂಗಳು ಒಂದು ಭಾನುವಾರ, ಬಳ್ಳಾರಿಯ ನಮ್ಮ ಮನೆ ಮಾಳಿಗೆಯ ಮೇಲೆ ರಾಯಚೂರು ಕೋಟೆ ಬಿತ್ತು. ಗೊಂಬೆ ಸೈನ್ಯ ಇಟ್ಟು ಆಡುವ ಯುದ್ಧದಾಟದಲ್ಲಿ, ಮೂರೇ ಸುತ್ತಿಗೆ. ಕೋಟೆ ಅಂದರೆ ಥರ್ಮಾಕೋಲ್ ಗೋಡೆಗೆ ಮರಳು ಅಂಟಿಸಿ ಬಣ್ಣ ಬಳಿದಿದ್ದು. ಅದನ್ನು ಬೀಳಿಸಿದ್ದು ನನ್ನ ದಂಡಿಗೆ ಮಿತ್ರರಾಗಿ ಸೇರಿದ್ದ ಮೂರು ಪೋರ್ಚುಗೀಸ್ ಗೊಂಬೆಗಳು. ಒಂದೊಂದೂ ಹೆಬ್ಬೆರಳಿನ ಉಗುರಿನಷ್ಟು ಎತ್ತರ. ಮೂರೂ ಒಂದೇ ತಗಡಿನ ತುಂಡಿನ ಮೇಲೆ ನಿಂತಿವೆ. ನಮ್ಮ ಲೆಕ್ಕದಲ್ಲಿ ಆ ತುಂಡು 20 ಬಂದೂಕಿನವರಿಗೆ ಸಮ. ಪಟ್ಟಿಯಲ್ಲಿ ಅದರ ಬೆಲೆ 40 ಪಾಯಿಂಟ್. ಅಂದರೆ ಬಿಲ್ಲುಗಾರರ ಎರಡು ತುಕಡಿಯಷ್ಟು.

ಬಿಜಾಪುರದ ಕಡೆ ಆಡುತ್ತಿದ್ದ ಗೆಳೆಯ ಗಂಗಾವತಿಯವನು. ಅಕ್ಕಿ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಾನೆ. ಅವನ ದಂಡು 1000 ಪಾಯಿಂಟ್, ನನ್ನ ವಿಜಯನಗರದ ದಂಡೂ 1000. ದಾಳ ಕೆಳಗಿಟ್ಟು, ಮಿರ್ಚಿ ಕೈಗೆತ್ತಿಕೊಂಡು ಕೇಳಿದ: "ಅಲ್ಲಲೇ, ಬಾಡಿಗಿ ಮಂದಿನೇ ಕೋಟಿ ಗೆದ್ರ ನಿನ್ನ ದಂಡು ಎದಕ ಬಂದೈತಿ? ಮಂಡಕ್ಕಿ ತಿನ್ನಾಕ?"

ಎಲ್ಲರೂ ನಕ್ಕೆವು. ಆದರೆ ಅವನು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಮೇಜಿನ ಮೇಲೆ ಗೊಂಬೆ ಸೈನ್ಯ ಇಟ್ಟು ಆಡುವವರು ಜಗತ್ತಿನ ಎಲ್ಲ ಕಡೆ ಹತ್ತಾರು ವರ್ಷಗಳಿಂದ ಜಗಳವಾಡುತ್ತಿರುವುದು ಇದೇ ವಿಷಯಕ್ಕೆ. ಒಂದು ಸೈನ್ಯದ ಜೊತೆ ಇನ್ನೊಂದು ಸೈನ್ಯದ ತುಕಡಿಯನ್ನು ಮಿತ್ರರಾಗಿ ಸೇರಿಸಿಕೊಳ್ಳಲು ಬಿಡಬೇಕಾ? ಬಿಟ್ಟರೆ ಆ ತುಕಡಿಯ ವಿಶೇಷ ನಿಯಮಗಳಿಗೆ ಬೆಲೆ ಕಟ್ಟುವುದು ಹೇಗೆ?

ಆಟ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಚದುರಂಗದಲ್ಲಿ ಇಬ್ಬರಿಗೂ ಒಂದೇ ಕಾಯಿಗಳು. ಇಲ್ಲಿ ಹಾಗಲ್ಲ. ಪ್ರತಿಯೊಬ್ಬರ ಸೈನ್ಯವೂ ಬೇರೆ. ಪ್ರತಿ ತುಕಡಿಗೂ ಒಂದು ಪಾಯಿಂಟ್ ಬೆಲೆ ಇರುತ್ತದೆ. ಇಬ್ಬರೂ ಒಂದೇ ಮೊತ್ತಕ್ಕೆ ಸೈನ್ಯ ಕಟ್ಟಿಕೊಂಡು ಬರುತ್ತಾರೆ. ಇಂಚುಪಟ್ಟಿಯಲ್ಲಿ ಅಳೆದು ನಡೆಸುತ್ತಾರೆ, ದಾಳ ಉರುಳಿಸಿ ಹೊಡೆಯುತ್ತಾರೆ. ಕೆಲವು ತುಕಡಿಗಳಿಗೆ ಸಾಮಾನ್ಯ ನಿಯಮ ಮೀರಿದ ವಿಶೇಷ ನಿಯಮ ಇರುತ್ತದೆ. ನಮ್ಮ ಪೋರ್ಚುಗೀಸರದ್ದು ಇಷ್ಟೇ: ಗೋಡೆಯ ಮರೆಯಲ್ಲಿದ್ದವರಿಗೆ ಸಿಗುವ ರಕ್ಷಣೆ ಇವರ ಗುಂಡಿಗೆ ಲೆಕ್ಕವಿಲ್ಲ. ಒಂದೇ ಸಾಲು. ಆ ಒಂದು ಸಾಲಿಗೆ ಕೋಟೆ ಬಿತ್ತು.

ಯಾಕೆ ಹೀಗಾಗುತ್ತದೆ ಅನ್ನೋದನ್ನು ಹುಲಿ-ಕುರಿ ಆಟದಲ್ಲಿ ನೋಡಿದರೆ ಬೇಗ ತಿಳಿಯುತ್ತದೆ. ಹಂಪಿಯ ಮಂಟಪಗಳ ಹಾಸುಗಲ್ಲಿನ ಮೇಲೆ ಇಂಥ ಆಟದ ಮನೆಗಳನ್ನು ಕೆತ್ತಿರುವುದನ್ನು ನೋಡಿರುತ್ತೀರಿ. ಸಾಮಾನ್ಯವಾಗಿ 3 ಹುಲಿ, 15 ಕುರಿ. ಹುಲಿ ಹಾರಿ ಕುರಿಯನ್ನು ತಿನ್ನಬಹುದು. ಕುರಿ ಯಾರನ್ನೂ ತಿನ್ನುವಂತಿಲ್ಲ, ಗುಂಪು ಕಟ್ಟಿ ಹುಲಿಯನ್ನು ಕಟ್ಟಿಹಾಕಬೇಕು. ಎರಡು ಕಡೆಯೂ ಬೇರೆ ಬೇರೆ, ಆದರೂ ಆಟ ಸರಿಯಾಗಿ ತೂಗುತ್ತದೆ. ಕುರಿಗಳ ಸಂಖ್ಯೆ ಜಾಸ್ತಿ, ಅದಕ್ಕೆ ಪ್ರತಿಯಾಗಿ ಅವಕ್ಕೆ ಹಲ್ಲಿಲ್ಲ. ಈಗ ಕುರಿ ಆಡುವವನಿಗೆ, "ತಗೋ, ನಾಲ್ಕು ಕುರಿ ಕೊಟ್ಟು ಒಂದು ಹುಲಿ ತಗೋ" ಅಂದರೆ? ಲೆಕ್ಕದಲ್ಲಿ ಸರಿ ಕಾಣಬಹುದು. ಆಟ ಮಾತ್ರ ಅಲ್ಲಿಗೇ ಮುಗಿಯಿತು. ಕುರಿ ಕಡೆಗಿದ್ದ ಏಕೈಕ ಕೊರತೆ ಹೋಯಿತು, ಆ ಕೊರತೆಯ ಮೇಲೇ ಆಟ ನಿಂತಿತ್ತು.

ಸೈನ್ಯದ ಬೆಲೆಯೊಳಗೆ ಅದರ ದೌರ್ಬಲ್ಯವೂ ಸೇರಿರುತ್ತದೆ. ದೂರದಿಂದ ಚೆನ್ನಾಗಿ ಹೊಡೆಯುವ ಸೈನ್ಯಕ್ಕೆ ಕೈಕೈ ಮಿಲಾಯಿಸುವ ತಾಕತ್ತಿಲ್ಲ, ಅದಕ್ಕೇ ಅದರ ಬಂದೂಕು ಅಗ್ಗ. ಮಿತ್ರರು ಬಂದು ಆ ತೂತು ಮುಚ್ಚಿದರೆ ಅಗ್ಗದ ಬಂದೂಕು ಹಾಗೇ ಉಳಿಯುತ್ತದೆ, ಕೊರತೆ ಮಾಯವಾಗುತ್ತದೆ. ಯಾರೂ ಅದಕ್ಕೆ ದುಡ್ಡು ಕೊಟ್ಟಿರುವುದಿಲ್ಲ. ಬಹಳ ಜನ ತಪ್ಪುವುದು ಇಲ್ಲೇ. ಮಿತ್ರ ತುಕಡಿ "ಜಾಸ್ತಿ ಬಲಶಾಲಿ" ಅಂತ ಕೂಗುತ್ತಾರೆ. ಬಹಳ ಸಲ ಆ ತುಕಡಿ ತನ್ನ ಸ್ವಂತ ಸೈನ್ಯದಲ್ಲಿ ಸಪ್ಪೆಯಾಗೇ ಇರುತ್ತದೆ. ಬಲ ಇರುವುದು ಜೋಡಿಯಲ್ಲಿ.

ಬಳ್ಳಾರಿ ಕೋಟೆಯ ಬಗ್ಗೆ ಒಂದು ಕಥೆ ಇದೆ, ಇಲ್ಲಿ ಹುಟ್ಟಿದ ಮಕ್ಕಳಿಗೂ ಗೊತ್ತು. ಹೈದರ್ ಅಲಿ ಒಬ್ಬ ಫ್ರೆಂಚ್ ಎಂಜಿನಿಯರ್‌ನಿಂದ ಕೋಟೆ ಗಟ್ಟಿ ಮಾಡಿಸಿದನಂತೆ. ಕೆಲಸ ಮುಗಿದ ಮೇಲೆ ನೋಡಿದರೆ ಎದುರಿನ ಕುಂಬಾರ ಗುಡ್ಡ ಕೋಟೆಗಿಂತ ಎತ್ತರ. ಅಲ್ಲಿ ತೋಪು ಇಟ್ಟರೆ ಕೋಟೆ ಕೈಗೆ ಸಿಕ್ಕಂತೆ. ಎಂಜಿನಿಯರ್‌ನನ್ನು ಗಲ್ಲಿಗೇರಿಸಿದರು ಅನ್ನುತ್ತಾರೆ. ಕಥೆ ನಿಜವೋ ಸುಳ್ಳೋ ಬಿಡಿ. ನನಗೆ ಯುದ್ಧದಾಟದ ನಿಯಮ ಬರೆಯುವವರನ್ನು ನೋಡಿದಾಗಲೆಲ್ಲ ಆ ಬಡಪಾಯಿ ನೆನಪಾಗುತ್ತಾನೆ. ಕೋಟೆಯನ್ನು ಚೆನ್ನಾಗೇ ಕಟ್ಟಿದ್ದ. ಪಕ್ಕದಲ್ಲಿ ಏನಿದೆ ಅಂತ ನೋಡಿರಲಿಲ್ಲ, ಅಷ್ಟೇ.

ನೋಡುವುದೂ ಸುಲಭವಲ್ಲ ಅನ್ನಿ. ಒಂದು ಆಟದಲ್ಲಿ 20 ಸೈನ್ಯ ಇವೆ ಅಂದುಕೊಳ್ಳಿ. ಮಿತ್ರರಿಲ್ಲದಿದ್ದರೆ 20 ಸೈನ್ಯವನ್ನು ತೂಗಿ ನೋಡಿದರಾಯಿತು. ಎರಡೆರಡು ಸೇರಬಹುದು ಅಂದ ಕೂಡಲೇ 190 ಜೋಡಿ. ಮೂರು ಮೂರು ಸೇರಬಹುದು ಅಂದರೆ 1140. ಒಂದು ಹೊಸ ಸೈನ್ಯ ಬಂದರೆ ಮತ್ತೆ ಮೊದಲಿಂದ ಎಣಿಕೆ. ಇಷ್ಟನ್ನೂ ಕೂತು ಆಡಿ ನೋಡುವ ಕಂಪನಿ ಭೂಮಿ ಮೇಲೆ ಇಲ್ಲ.

ಈಗ ನಮ್ಮ 20 ಬಂದೂಕಿಗೆ ಬರೋಣ. ಇದು ನಾವು ಹುಟ್ಟಿಸಿದ್ದಲ್ಲ. 1520ರಲ್ಲಿ ಕೃಷ್ಣದೇವರಾಯ ರಾಯಚೂರಿಗೆ ಮುತ್ತಿಗೆ ಹಾಕಿದ್ದ. ಬಿಜಾಪುರದ ಸುಲ್ತಾನ ಇಸ್ಮಾಯಿಲ್ ಆದಿಲ್ ಶಾಹ ಬಿಡಿಸಿಕೊಳ್ಳಲು ಬಂದು ಮೇ 19ರ ಯುದ್ಧದಲ್ಲಿ ಸೋತ. ಆದರೂ ಕೋಟೆ ಬಗ್ಗಲಿಲ್ಲ. ಆಗ ಕ್ರಿಸ್ಟೊವಾವೊ ದೆ ಫಿಗೆರೆದೊ ಅನ್ನುವ ಪೋರ್ಚುಗೀಸ್ ಮನುಷ್ಯ ಬಂದ. ಬಂದಿದ್ದು ಕುದುರೆ ಮಾರಲು. ಜೊತೆಗೆ 20 ಜನ ಬಂದೂಕಿನವರು. ಫೆರ್ನಾವೊ ನೂನಿಜ್ ಅನ್ನುವ ಪೋರ್ಚುಗೀಸ್ ಕುದುರೆ ವ್ಯಾಪಾರಿ ಮುಂದೆ ಇದನ್ನೆಲ್ಲ ಬರೆದಿಟ್ಟಿದ್ದಾನೆ. ಅವನು ಕೊಡುವ ಸೈನ್ಯದ ಸಂಖ್ಯೆಗಳನ್ನು ನಂಬುವುದು ಕಷ್ಟ. ಮುತ್ತಿಗೆ ಹೇಗೆ ನಡೆಯಿತು ಅನ್ನುವ ವಿವರ ಮಾತ್ರ ಕಣ್ಣಿಗೆ ಕಟ್ಟುತ್ತದೆ. ರಾಯನ ಆಳುಗಳು ಹಾರೆ ಗುದ್ದಲಿ ಹಿಡಿದು ಗೋಡೆಯ ಕಲ್ಲು ಕೀಳುತ್ತಿದ್ದರು. ಕಿತ್ತ ಕಲ್ಲಿನ ಗಾತ್ರ ನೋಡಿ ದುಡ್ಡು ಕೊಡುತ್ತಿದ್ದರಂತೆ. ಮೇಲಿನಿಂದ ಬೀಳುವ ಏಟಿಗೆ ಅವರು ರಾಶಿ ರಾಶಿ ಸಾಯುತ್ತಿದ್ದರು. ಫಿಗೆರೆದೊನ ಬಂದೂಕಿನವರು ಗೋಡೆ ಮೇಲೆ ತಲೆ ಎತ್ತಿದವರನ್ನೆಲ್ಲ ಹೊಡೆಯತೊಡಗಿದರು. ಮೇಲಿನವರು ಇಣುಕುವುದನ್ನೇ ಬಿಟ್ಟರು. ಕೆಳಗಿನವರು ನಿರಾಳವಾಗಿ ಕಲ್ಲು ಕಿತ್ತರು. ಕೋಟೆಯ ಮುಖ್ಯಸ್ಥನೇ ಗುಂಡಿಗೆ ಬಿದ್ದ ಮೇಲೆ ಒಳಗಿನವರು ಶರಣಾದರು.

ಆ 20 ಬಂದೂಕಿನ ಬೆಲೆ ಎಷ್ಟು ಈಗ ಹೇಳಿ. ಬಯಲಿನಲ್ಲಿ ಸಾವಿರಾರು ಜನ ನುಗ್ಗಿ ಬರುವಾಗ 20 ಬಂದೂಕು ಉಪ್ಪಿನಕಾಯಿಗೂ ಸಾಲದು. ಆದರೆ ಹಾರೆ ಹಿಡಿದ ಸಾವಿರಾರು ಆಳು ಗೋಡೆ ಕೆಳಗೆ ನಿಂತಿರುವಾಗ? ಆಗ ಆ ಬಂದೂಕಿನ ಬೆಲೆ ಅಂದರೆ ಅಷ್ಟೂ ಆಳುಗಳ ಜೀವ. ಅದೇ ಬಂದೂಕನ್ನು ಬಿಜಾಪುರಕ್ಕೆ ಕೊಟ್ಟರೆ? ಅವರ ಹತ್ತಿರ ಆಗಲೇ ಬೇಕಾದಷ್ಟು ತೋಪುಗಳಿದ್ದವು. ಅಂದಹಾಗೆ ಬಿಜಾಪುರದ ಕಡೆಯೂ ಪೋರ್ಚುಗೀಸರು ಕಾದಾಡಿದ್ದರು ಅಂತ ಅದೇ ನೂನಿಜ್ ಬರೆಯುತ್ತಾನೆ. ಅವರು ಯುದ್ಧದ ಗತಿ ಬದಲಿಸಲಿಲ್ಲ. ಅದೇ ಜನ, ಕೈಯಲ್ಲಿ ಅದೇ ಬಂದೂಕು. ಪಕ್ಕದಲ್ಲಿದ್ದವರು ಬೇರೆ.

ದೊಡ್ಡ ಕಂಪನಿಗಳೂ ಇದೇ ಗುಂಡಿಗೆ ಬಿದ್ದಿವೆ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನ ಗೇಮ್ಸ್ ವರ್ಕ್‌ಶಾಪ್ 1987ರಿಂದ ನಡೆಸಿಕೊಂಡು ಬಂದಿರುವ 'ವಾರ್‌ಹ್ಯಾಮರ್ 40,000' ಆಟವನ್ನೇ ನೋಡಿ. 2012ರಲ್ಲಿ ಬಂದ 6ನೇ ಆವೃತ್ತಿಯಲ್ಲಿ ಯಾರು ಯಾರಿಗೆ ಎಷ್ಟು ಮಿತ್ರರು ಅನ್ನುವ ದೊಡ್ಡ ಕೋಷ್ಟಕವನ್ನೇ ಹಾಕಿದರು. ಕೆಲವರು ಅಣ್ಣ-ತಮ್ಮಂದಿರಂತೆ, ಕೆಲವರದ್ದು ಅನುಕೂಲದ ಸ್ನೇಹ, ಕೆಲವರು ವಿಧಿಯಿಲ್ಲದೆ ಸೇರಿದವರು. ಓದಲು ಚೆನ್ನಾಗಿತ್ತು. ಅಣ್ಣ-ತಮ್ಮಂದಿರ ಸಾಲಿನಲ್ಲಿ ಟೌ ಮತ್ತು ಎಲ್ಡಾರ್ ಅನ್ನುವ ಎರಡು ಪಕ್ಷಗಳು ಬಂದುಬಿಟ್ಟವು. ಟೌ ಸೈನ್ಯಕ್ಕೆ ದೊಡ್ಡ ದೊಡ್ಡ ಬಂದೂಕು, ಆದರೆ ಮಂತ್ರಶಕ್ತಿ ಇಲ್ಲ. ಎಲ್ಡಾರ್‌ಗಳ ಮಂತ್ರವಾದಿ ಪಕ್ಕದ ತುಕಡಿಗೆ ತಪ್ಪಿದ ದಾಳಗಳನ್ನು ಮತ್ತೆ ಉರುಳಿಸುವ ಶಕ್ತಿ ಕೊಡಬಲ್ಲ. ಅಣ್ಣ-ತಮ್ಮ ಆದ ಮೇಲೆ ಆ ಮಂತ್ರ ಟೌ ಬಂದೂಕಿಗೂ ಸಲ್ಲುತ್ತದೆ. ಸ್ಪರ್ಧೆಗಳಲ್ಲಿ ಎದುರಿಗೆ ಕೂತವರು ಸುಸ್ತಾದರು.

ವಿಧಿಯಿಲ್ಲದೆ ಸೇರಿದವರಿಗೆ ಒಂದು ನಿಯಮ ಇತ್ತು. ಒಬ್ಬರಿಗೊಬ್ಬರು 6 ಇಂಚಿನೊಳಗೆ ಬಂದರೆ ದಾಳ ಉರುಳಿಸಬೇಕು, 1 ಬಿದ್ದರೆ ಆ ತುಕಡಿ ಅನುಮಾನದಿಂದ ಸುಮ್ನೆ ನಿಲ್ಲುತ್ತದೆ. ಯೋಚನೆ ನನಗೆ ಇಷ್ಟ. ಆದರೆ 6 ಇಂಚು ದೂರ ಇಟ್ಟರೆ ಮುಗೀತು, ಅಲ್ವಾ? ಮೇಜು ಅಷ್ಟು ದೊಡ್ಡದಿರುತ್ತದೆ. ತಪ್ಪಿಸಿಕೊಳ್ಳಬಹುದಾದ ದಂಡ ದಂಡವೇ ಅಲ್ಲ.

2017ರ 8ನೇ ಆವೃತ್ತಿಯಲ್ಲಿ ಆದದ್ದು ಇದಕ್ಕಿಂತ ಮಜಾ. ಅಲ್ಲಿ ಸೈನ್ಯ ಕಟ್ಟುವ ರೀತಿ ನೋಡಿ 'ಕಮಾಂಡ್ ಪಾಯಿಂಟ್' ಸಿಗುತ್ತಿತ್ತು. ಅದನ್ನು ಖರ್ಚು ಮಾಡಿ ಯುದ್ಧದ ನಡುವೆ ವಿಶೇಷ ತಂತ್ರಗಳನ್ನು ಬಳಸಬಹುದು. ಇಬ್ಬರು ನಾಯಕರು, ಮೂರು ಕಾಲಾಳು ತುಕಡಿ ಇದ್ದರೆ ಒಂದು 'ಬೆಟಾಲಿಯನ್'. ಅದಕ್ಕೆ 3 ಪಾಯಿಂಟ್ ಇತ್ತು, 2018ರ ಏಪ್ರಿಲ್‌ನಲ್ಲಿ ಅದನ್ನು 5 ಮಾಡಿದರು. ಬಹಳ ಅಗ್ಗದ ಕಾಲಾಳು ಇದ್ದದ್ದು ಆ ಆಟದ ಮನುಷ್ಯ ಸಾಮ್ರಾಜ್ಯದ ಸಾಮಾನ್ಯ ಸೈನಿಕರಲ್ಲಿ. ತಲಾ 30ರಂತೆ ಇಬ್ಬರು ಕಮಾಂಡರ್, ತಲಾ 40ರಂತೆ ಹತ್ತು ಹತ್ತು ಜನರ ಮೂರು ತುಕಡಿ. ಒಟ್ಟು 180 ಪಾಯಿಂಟ್, 32 ಗೊಂಬೆ. ಆಟಗಾರರು ಇದಕ್ಕೆ 'ನಿಷ್ಠಾವಂತ 32' ಅಂತಲೇ ಹೆಸರಿಟ್ಟರು. ಈ 32 ಜನ ಯುದ್ಧ ಮಾಡಲು ಬಂದವರೇ ಅಲ್ಲ. ಹಿಂದೆ ಎಲ್ಲೋ ನಿಂತು ಕಮಾಂಡ್ ಪಾಯಿಂಟ್ ಹುಟ್ಟಿಸುವುದೇ ಅವರ ಕೆಲಸ. ಅದನ್ನು ತಿನ್ನುತ್ತಿದ್ದದ್ದು ಪಕ್ಕದಲ್ಲಿ ನಿಂತ 'ನೈಟ್ ಕ್ಯಾಸ್ಟೆಲನ್' ಅನ್ನುವ ಗುಡ್ಡದಂಥ ಯಂತ್ರ. ನೈಟ್ ಸೈನ್ಯಕ್ಕೆ ಕಮಾಂಡ್ ಪಾಯಿಂಟ್ ಕಡಿಮೆ, ಅದು ಅದರ ಕೊರತೆ. 180 ಪಾಯಿಂಟಿಗೆ ಆ ಕೊರತೆ ನೀಗಿತು.

ಕಂಪನಿ ಏನು ಮಾಡಿತು ಗೊತ್ತಾ? 2019ರಲ್ಲಿ ಕ್ಯಾಸ್ಟೆಲನ್ ಬೆಲೆಯನ್ನು 604ರಿಂದ 704ಕ್ಕೆ ಏರಿಸಿತು. ಪಾಪ, ಮಿತ್ರರಿಲ್ಲದೆ ಬರೀ ನೈಟ್‌ಗಳನ್ನಷ್ಟೇ ಆಡುತ್ತಿದ್ದವನು ಏನು ತಪ್ಪು ಮಾಡಿದ್ದ? ಅವನ ಹತ್ತಿರ ಆ 32 ಜನ ಇರಲೇ ಇಲ್ಲ. ಜೋಡಿಯ ತಪ್ಪಿಗೆ ಒಬ್ಬನಿಗೆ ದಂಡ. ಪಾಯಿಂಟ್ ಏರಿಸಿ ಮಿತ್ರರ ಸಮಸ್ಯೆ ಬಗೆಹರಿಸಲು ಹೊರಟರೆ ಯಾವಾಗಲೂ ಹೀಗೇ ಆಗುತ್ತದೆ.

ಇನ್ನೊಂದು ಔಷಧಿ ಶೇಕಡಾವಾರು ಮಿತಿ. ಅದೇ ಕಂಪನಿಯ 'ಏಜ್ ಆಫ್ ಸಿಗ್ಮಾರ್' ಆಟದಲ್ಲಿ 2000 ಪಾಯಿಂಟ್ ಸೈನ್ಯದಲ್ಲಿ 400 ಮಾತ್ರ ಮಿತ್ರರಿಗೆ ಅಂತ ಕೆಲವು ವರ್ಷ ಇತ್ತು. ಮೇಲಿನ 180ನ್ನು ಇದರ ಪಕ್ಕ ಇಟ್ಟು ನೋಡಿ. 2000ದಲ್ಲಿ 180 ಅಂದರೆ ಶೇ. 9. ಯಾವ ಮಿತಿಗೂ ಸಿಗುವುದಿಲ್ಲ. ದೊಡ್ಡ ಮಿತ್ರಸೈನ್ಯದಿಂದ ಆಟ ಕೆಡುವುದು ಕಡಿಮೆ, ಅದು ಪಾಯಿಂಟ್ ತಿನ್ನುತ್ತದೆ. ಕೆಡಿಸುವುದು ಚಿಟಿಕೆ ಮಿತ್ರರು. ನಮ್ಮ 40 ಪಾಯಿಂಟಿನ ಬಂದೂಕಿನವರು 1000ದಲ್ಲಿ ಶೇ. 4.

ಮೂರನೆಯದು ನನಗೆ ಸ್ವಲ್ಪ ಹಿಡಿಸಿದ ದಾರಿ. 2018ರಲ್ಲಿ ಬಂದ 'ಮಿಡ್ಲ್ ಅರ್ತ್' ಆಟದ ಆವೃತ್ತಿಯಲ್ಲಿ ಪ್ರತಿ ಸೈನ್ಯಕ್ಕೂ ಒಂದು ಸ್ವಂತ ಲಾಭ ಇತ್ತು. 'ಲಾರ್ಡ್ ಆಫ್ ದಿ ರಿಂಗ್ಸ್' ಕಥೆಯಲ್ಲಿ ನಿಜವಾಗಿ ಸ್ನೇಹಿತರಾಗಿದ್ದವರು ಸೇರಿದರೆ ಲಾಭ ಉಳಿಯುತ್ತದೆ. ಬರೀ ಅನುಕೂಲಕ್ಕೆ ಸೇರಿದರೆ ಇಬ್ಬರಿಗೂ ಲಾಭ ಹೋಗುತ್ತದೆ. ಕೊರತೆ ಮುಚ್ಚಿಕೋ, ಆದರೆ ನಿನ್ನದೊಂದು ಬಿಟ್ಟುಕೊಡು ಅನ್ನುವ ವ್ಯವಹಾರ. ವಾರ್‌ಹ್ಯಾಮರ್ 40,000ದ 9ನೇ ಆವೃತ್ತಿ 2020ರಲ್ಲಿ ಇದೇ ದಾರಿಗೆ ಬಂತು. 2000 ಪಾಯಿಂಟ್ ಆಟದಲ್ಲಿ ಎಲ್ಲರಿಗೂ ಶುರುವಿನಲ್ಲೇ 12 ಕಮಾಂಡ್ ಪಾಯಿಂಟ್, ಮಿತ್ರರಿಗಾಗಿ ಇನ್ನೊಂದು ದಳ ಬೇಕಾದರೆ ಅದರಲ್ಲೇ ಕೊಡಬೇಕು. 32 ಜನರ ಅಂಗಡಿ ಒಂದೇ ಏಟಿಗೆ ಬಂದ್ ಆಯಿತು.

2023ರ 10ನೇ ಆವೃತ್ತಿ ಇನ್ನೂ ಮುಂದೆ ಹೋಗಿ ಬಾಗಿಲನ್ನೇ ಎಳೆಯಿತು. ಸೈನ್ಯಕ್ಕೆ ಒಂದೇ ಪಕ್ಷ. ಅಲ್ಲೊಂದು ಇಲ್ಲೊಂದು ಕಿಂಡಿ ಇದೆ, ಉದಾಹರಣೆಗೆ ಸಾಮ್ರಾಜ್ಯದ ಸೈನ್ಯದಲ್ಲಿ ಒಂದು ದೊಡ್ಡ ನೈಟ್ ಅಥವಾ ಮೂರು ಚಿಕ್ಕವನ್ನು ಸೇರಿಸಬಹುದು. ಉಳಿದಂತೆ ನಿನ್ನ ದಂಡು ನಿನ್ನದು. ಸ್ಪರ್ಧೆ ಆಡುವವರಿಗೆ ನೆಮ್ಮದಿ.

ಬಳ್ಳಾರಿಯಂಥ ಊರಿಗೆ ಇದು ಒಳ್ಳೆಯದಲ್ಲ ಅನ್ನುವುದು ನನ್ನ ತಕರಾರು. ನಮ್ಮಲ್ಲಿ ಯಾರ ಹತ್ತಿರವೂ ಪೂರ್ತಿ ಸೈನ್ಯ ಇಲ್ಲ. ಒಂದು ಡಬ್ಬಿಗೆ ಸಾವಿರಾರು ರೂಪಾಯಿ, ಅದೂ ಕೊರಿಯರ್‌ನಲ್ಲಿ ಬರಬೇಕು. ಒಬ್ಬನ ಹತ್ತಿರ ಒಂದು ಡಬ್ಬಿ, ಇನ್ನೊಬ್ಬನ ಹತ್ತಿರ ಇನ್ನೊಂದು. ಇಬ್ಬರೂ ಸೇರಿದರೆ ಒಂದು ಸೈನ್ಯ. ಹೊಸಬ ಬಂದರೆ ಅವನ ಐದು ಗೊಂಬೆಗೂ ಮೇಜಿನ ಮೇಲೆ ಜಾಗ ಸಿಗಬೇಕು. ಮಿತ್ರರ ನಿಯಮ ನಮಗೆ ಐಷಾರಾಮ ಅಲ್ಲ, ಅದಿಲ್ಲದೆ ಆಟವೇ ನಡೆಯುವುದಿಲ್ಲ. ಅದಕ್ಕೇ ನಾವು ಸ್ವಂತ ನಿಯಮ ಬರೆದುಕೊಂಡು ನಮ್ಮದೇ ನೆಲದ ಯುದ್ಧಗಳನ್ನು ಆಡಲು ಶುರು ಮಾಡಿದ್ದು. ಗೊಂಬೆಗಳಿಗೆ ಬಣ್ಣ ಹಚ್ಚುವುದು ಕೊಪ್ಪಳದ ಗೆಳೆಯ. ಕಿನ್ನಾಳದಲ್ಲಿ ಗೊಂಬೆ ಮಾಡುವವರ ಪಕ್ಕದ ಓಣಿಯಲ್ಲಿ ಬೆಳೆದವನು. ಗೊಂಬೆ ಕಾಲಡಿಯ ಮಣ್ಣು ಮಾಡಲು ಮರದ ಪುಡಿಗೆ ಹುಣಸೆ ಬೀಜದ ಅಂಟು ಕಲಸುತ್ತಾನೆ. ಅಂಗಡಿಯ ಗೋಂದಿಗಿಂತ ಗಟ್ಟಿ.

ಹಾಗಾದರೆ ಮಿತ್ರರನ್ನು ಬಿಡಬೇಕು, ಆಟವೂ ಕೆಡಬಾರದು. ದಾರಿ ಇದೆ ಅನ್ನಿಸಿದ್ದು ಒಂದು ಹಳೇ ಆಟ ನೋಡಿ. ಬ್ರಿಟನ್ನಿನ ಫಿಲ್ ಬಾರ್ಕರ್ ಮತ್ತು ರಿಚರ್ಡ್ ಬಾಡ್ಲಿ ಸ್ಕಾಟ್ 1993ರಲ್ಲಿ ತಂದ 'ಡಿಬಿಎಂ' ಅನ್ನುವ ಪ್ರಾಚೀನ ಯುದ್ಧಗಳ ಆಟ. ಅದರಲ್ಲಿ ಮಿತ್ರ ಸೇನಾಪತಿಗೆ ಅವನದೇ ದಾಳ. ಎಷ್ಟು ಬಿತ್ತೋ ಅಷ್ಟೇ ಅವನ ತುಕಡಿಗಳು ಅಲುಗುತ್ತವೆ. ನಿಮ್ಮ ದಾಳದಲ್ಲಿ ಉಳಿದದ್ದನ್ನು ಅವನಿಗೆ ಕೊಡುವಂತಿಲ್ಲ. ಮೊದಲ ಸಲವೇ ಅವನ ದಾಳ 1 ಬಿದ್ದರೆ ಆಸಾಮಿ ನಂಬಿಕಸ್ಥನಲ್ಲ ಅಂತ ಅರ್ಥ. ಯುದ್ಧ ನಡೆಯುತ್ತಿದ್ದರೂ ನಿಂತಲ್ಲೇ ನಿಂತು ನೋಡುತ್ತಾನೆ. ಎತ್ತು ಏರಿಗೆ, ಕೋಣ ನೀರಿಗೆ. ಸಮ್ಮಿಶ್ರ ಸರ್ಕಾರ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇದರ ಚೆಂದ ಏನೆಂದರೆ, ಬೆಲೆಯನ್ನು ಪಟ್ಟಿ ಬರೆಯುವಾಗ ತೆರುವುದಿಲ್ಲ, ಆಡುವಾಗ ತೆರುತ್ತೀರಿ. ಮಿತ್ರ ಎಷ್ಟು ಮುಖ್ಯನೋ ಅವನು ಕೈಕೊಟ್ಟಾಗ ನಷ್ಟವೂ ಅಷ್ಟೇ ದೊಡ್ಡದು. 190 ಜೋಡಿಗೆ 190 ಬೆಲೆ ಬರೆಯಬೇಕಿಲ್ಲ. ಜೋಡಿ ಹೆಚ್ಚು ಬಲವಾದಷ್ಟೂ ಅಪಾಯ ತಾನಾಗೇ ಏರುತ್ತದೆ.

ನಿಜವಾದ ಮೈತ್ರಿಗಳೂ ಹೀಗೇ ಇದ್ದವು. 1558ರ ಹೊತ್ತಿಗೆ ಅಳಿಯ ರಾಮರಾಯ ಬಿಜಾಪುರದ ಜೊತೆ ಸೇರಿ ಅಹ್ಮದ್‌ನಗರದ ಮೇಲೆ ಹೋಗಿದ್ದ. 1565ರ ಜನವರಿಯಲ್ಲಿ ಕೃಷ್ಣಾ ತೀರದ ರಕ್ಕಸಗಿ-ತಂಗಡಗಿಯಲ್ಲಿ ಅದೇ ಬಿಜಾಪುರ, ಅದೇ ಅಹ್ಮದ್‌ನಗರ ಒಟ್ಟಾಗಿ ಅವನೆದುರು ನಿಂತಿದ್ದವು. ಆ ಮೈತ್ರಿ ಪುಕ್ಕಟೆ ಬರಲಿಲ್ಲ. ಅಹ್ಮದ್‌ನಗರದ ಚಾಂದ್ ಬೀಬಿಯನ್ನು ಬಿಜಾಪುರದ ಅಲಿ ಆದಿಲ್ ಶಾಹನಿಗೆ ಕೊಟ್ಟು ಮದುವೆ ಮಾಡಿದರು, ಜೊತೆಗೆ ಸೊಲ್ಲಾಪುರದ ಕೋಟೆ. ಯುದ್ಧ ಗೆದ್ದ ಮೇಲೆ ಸ್ನೇಹ ಜಾಸ್ತಿ ದಿನ ಬಾಳಲೂ ಇಲ್ಲ.

ಸರಿ, ನಮ್ಮ ಮಾಳಿಗೆಗೆ ಬರೋಣ. ಪೋರ್ಚುಗೀಸರಿಗೆ ಈಗ ಸ್ವಂತ ದಾಳ ಕೊಟ್ಟಿದ್ದೇವೆ. ಪ್ರತಿ ಸುತ್ತಿಗೆ ಒಮ್ಮೆ. 1 ಬಿದ್ದರೆ ಅಲುಗುವುದಿಲ್ಲ. 2 ಅಥವಾ 3 ಬಿದ್ದರೆ ಗುಂಡು ಹೊಡೆಯುತ್ತಾರೆ, ಆದರೆ ಗೋಡೆಯ ಹತ್ತಿರ ಹೋಗುವುದಿಲ್ಲ. ಕುದುರೆ ಮಾರಲು ಬಂದವನು ಪ್ರಾಣ ಯಾಕೆ ಕೊಡಬೇಕು? 4 ಅಥವಾ ಅದಕ್ಕಿಂತ ಹೆಚ್ಚು ಬಿದ್ದರೆ ಹೇಳಿದ ಮಾತು ಕೇಳುತ್ತಾರೆ. ರಾಯನ ಬಾವುಟ ಅವರಿಂದ 6 ಇಂಚಿನೊಳಗೆ ಇದ್ದರೆ ದಾಳಕ್ಕೆ 1 ಕೂಡಿಸಬೇಕು. ಈ ಕೊನೆಯ ಸಾಲು ನನ್ನ ಹೆಮ್ಮೆ. ವಾರ್‌ಹ್ಯಾಮರ್‌ನ ಆ 6 ಇಂಚಿನ ನಿಯಮದಲ್ಲಿ ಹತ್ತಿರ ಬರುವುದೇ ತಪ್ಪಾಗಿತ್ತು, ಇಲ್ಲಿ ಹತ್ತಿರ ಬರಲೇಬೇಕು. ಬಂದೂಕಿನವರನ್ನು ಹಿಡಿತದಲ್ಲಿಡಲು ರಾಯನೇ ಕೋಟೆಯ ತೋಪಿಗೆ ಸಿಗುವಷ್ಟು ಮುಂದೆ ಹೋಗಬೇಕು.

ನಾಲ್ಕು ಆಟ ಆಡಿದೆವು. ಎರಡು ಸಲ ಕೋಟೆ ಬಿತ್ತು, ಎರಡು ಸಲ ಉಳಿಯಿತು. ನಾಲ್ಕು ಆಟದಿಂದ ಏನೂ ಸಾಬೀತಾಗುವುದಿಲ್ಲ ಅಂತ ನನಗೂ ಗೊತ್ತು. ಮೂರನೇ ಆಟದಲ್ಲಿ ಸಾಲಾಗಿ ಮೂರು ಸಲ 1 ಬಿತ್ತು. ಕೊಪ್ಪಳದ ಗೆಳೆಯ ಮುಖ ಗಂಟಿಕ್ಕಿಕೊಂಡು ಕೂತ. ಹದಿನೈದು ದಿನ ಕಣ್ಣು ಕಿರಿದು ಮಾಡಿ ಬಣ್ಣ ಹಚ್ಚಿದ ಗೊಂಬೆಗಳು ಮೂಲೆಯಲ್ಲಿ ನಿಂತು ಸಂಜೆಯಿಡೀ ಏನೂ ಮಾಡಲಿಲ್ಲ. ಅವನ ಬೇಜಾರು ನ್ಯಾಯವೇ. ದಾಳವೇ ಎಲ್ಲ ನಿರ್ಧರಿಸಿದರೆ ಆಡುವವನಿಗೆ ಕೆಲಸ ಏನು? ಈಗ ಒಂದು ತಿದ್ದುಪಡಿ ಇದೆ: ಒಮ್ಮೆ 1 ಬಿದ್ದು ನಿಂತರೆ ಮುಂದಿನ ಸುತ್ತು ದಾಳವಿಲ್ಲದೆ ಮಾತು ಕೇಳುತ್ತಾರೆ.

ಹೋದ ಭಾನುವಾರ ಗಂಗಾವತಿಯವನು ಹೊಸ ಹಟ ಹಿಡಿದ. "ಆ ಮೂರು ಗೊಂಬಿ ನನಗ ಕೊಡು, ನೋಡೋಣ." ಕೊಟ್ಟೆ. ಕೋಟೆ ಒಳಗಿಂದ ಅವರು ಹೊಡೆದರು. ಎದುರಿಗೆ ಗೋಡೆಯೇ ಇಲ್ಲ, ಬಯಲಿನಲ್ಲಿ ನನ್ನ ಆಳುಗಳು. ಮರೆಯನ್ನು ಲೆಕ್ಕಿಸದ ವಿಶೇಷ ನಿಯಮ ಒಮ್ಮೆಯೂ ಬಳಕೆಗೆ ಬರಲಿಲ್ಲ. ಅವನು ಸೋತ. ಸೋತು ಮಿಲ್ಲಿನ ಉದ್ದನೆಯ ಲೆಕ್ಕದ ಪುಸ್ತಕ ತೆಗೆದು, 40 ಅಂತ ಇದ್ದದ್ದನ್ನು ಹೊಡೆದುಹಾಕಿ, ಪಕ್ಕದಲ್ಲಿ ಎರಡು ಬೆಲೆ ಬರೆದ. ರಾಯರ ಕಡೆ 60, ಬಿಜಾಪುರದ ಕಡೆ 25. ಪೆನ್ಸಿಲ್‌ನಲ್ಲಿ.